ಕಂಡೂ ನಿಲ್ಲದ ಹೆಜ್ಜೆ: ಮನೋವಿಜ್ಞಾನದ ಕೆಲವು ಪ್ರಯೋಗಗಳು

ಅಪಘಾತಕ್ಕೀಡಾಗಿ ರಸ್ತೆಯಲ್ಲಿ ಬಿದ್ದವರ ಸುತ್ತ ಜನ ಸುಮ್ಮನೆ ನಿಂತಿದ್ದರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾವು ಆಡುವ ಮಾತು ಒಂದೇ: ಮಾನವೀಯತೆ ಸತ್ತುಹೋಯಿತು. ಧರ್ಮಸಭೆಗಳ ವೇದಿಕೆಯಿಂದ ಈ ಮಾತು ಎಷ್ಟು ಸಲ ಕೇಳಿಬಂದಿದೆಯೋ ಲೆಕ್ಕವಿಲ್ಲ. ಪ್ರಾಸ್ತಾವಿಕ ನುಡಿಗಳನ್ನಾಡುವಾಗ ಸ್ವತಃ ನಾನೂ ಇದನ್ನು ಹಲವು ಬಾರಿ ಆಡಿದ್ದೇನೆ, ಸಭಿಕರು ತಲೆದೂಗಿದ್ದಾರೆ. ಈ ಮಾತಿನ ಒಳಗೆ ಒಂದು ಊಹೆ ಅಡಗಿದೆ. ದಯೆಯುಳ್ಳವನು ನಿಲ್ಲುತ್ತಾನೆ, ನಿಲ್ಲದವನಲ್ಲಿ ದಯೆಯಿಲ್ಲ ಎಂಬುದೇ ಆ ಊಹೆ. ಮೇಲ್ನೋಟಕ್ಕೆ ಇದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಆದರೆ ಕಳೆದ ಶತಮಾನದ ಅರುವತ್ತರ ದಶಕದಿಂದೀಚೆಗೆ ಮನಶ್ಶಾಸ್ತ್ರಜ್ಞರು ಇದನ್ನೇ ಮತ್ತೆ ಮತ್ತೆ ಒರೆಗೆ ಹಚ್ಚಿ ನೋಡಿದ್ದಾರೆ. ಅವರು ಕಂಡದ್ದು ನಮ್ಮಂಥ ಧಾರ್ಮಿಕ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ ಸ್ವಲ್ಪ ಇರುಸುಮುರುಸು ತರುವಂಥದು. ಏಕೆಂದರೆ ಅವರ ಪ್ರಯೋಗಗಳಲ್ಲಿ ಒಂದು ನಡೆದದ್ದು ಧರ್ಮಬೋಧಕರಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆಯೇ. ಅದನ್ನು ಹೇಳುವುದಕ್ಕೆ ಮುನ್ನ ಈ ಸಂಶೋಧನೆ ಹುಟ್ಟಿದ ಬಗೆಯನ್ನು ಹೇಳಬೇಕು.

1964ರ ಮಾರ್ಚ್ 13ರ ನಸುಕಿನಲ್ಲಿ, ಗಂಟೆ ಮೂರು ದಾಟಿದ ಹೊತ್ತಿನಲ್ಲಿ, ನ್ಯೂಯಾರ್ಕ್ ನಗರದ ಕ್ಯೂ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿ ಕಿಟ್ಟಿ ಜೆನೊವೀಸ್ ಎಂಬ 28 ವರ್ಷದ ತರುಣಿಯ ಕೊಲೆಯಾಯಿತು. ಕೆಲಸ ಮುಗಿಸಿ ಮನೆಗೆ ಹಿಂದಿರುಗುತ್ತಿದ್ದವಳನ್ನು ಅಪರಿಚಿತನೊಬ್ಬ ಚೂರಿಯಿಂದ ಇರಿದು, ಓಡಿಹೋಗಿ, ಮತ್ತೆ ಮರಳಿ ಬಂದು ಇರಿದಿದ್ದ. ದೊಡ್ಡ ನಗರದಲ್ಲಿ ಇಂಥ ಕೊಲೆಗಳು ಪತ್ರಿಕೆಯ ಮೂಲೆಯ ಸುದ್ದಿಯಾಗಿ ಮರೆಯಾಗುವುದೇ ಹೆಚ್ಚು. ಆದರೆ ಎರಡು ವಾರಗಳ ನಂತರ, ಮಾರ್ಚ್ 27ರಂದು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಮುಖಪುಟದಲ್ಲಿ ಬೇರೊಂದು ಕಥೆಯನ್ನೇ ಹೇಳಿತು. ಅದರ ಪ್ರಕಾರ 38 ಮಂದಿ ಸಭ್ಯ ನಾಗರಿಕರು ತಮ್ಮ ತಮ್ಮ ಕಿಟಕಿಗಳಿಂದ ಅರ್ಧ ಗಂಟೆಗೂ ಹೆಚ್ಚು ಕಾಲ ಈ ಕೊಲೆಯನ್ನು ನೋಡುತ್ತ ನಿಂತಿದ್ದರು. ಕೃತ್ಯ ನಡೆಯುತ್ತಿರುವಾಗ ಒಬ್ಬನೂ ಪೊಲೀಸರಿಗೆ ದೂರವಾಣಿ ಕರೆ ಮಾಡಲಿಲ್ಲ. (ಶೀರ್ಷಿಕೆಯಲ್ಲಿ 37 ಎಂದಿದ್ದುದು ಒಳಗಿನ ಮೊದಲ ವಾಕ್ಯದಲ್ಲಿ 38 ಆಗಿತ್ತು. ಲೆಕ್ಕದ ಈ ಎಡವಟ್ಟನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮರಳುತ್ತೇನೆ.) ಅಮೆರಿಕವೆಲ್ಲ ತಲ್ಲಣಿಸಿತು. ಬೋಧಕರು, ಸಂಪಾದಕರು, ಸಮಾಜಚಿಂತಕರು ನಗರಜೀವನದ ನಿರ್ದಯತೆಯ ಬಗ್ಗೆ ಬರೆದರು, ಮಾತನಾಡಿದರು. ಭಾಷೆ ಬೇರೆಯಾದರೂ ಅವರ ಮಾತು ನಮ್ಮದೇ ಆಗಿತ್ತು: ಮಾನವೀಯತೆ ಸತ್ತುಹೋಯಿತು.

ಇಬ್ಬರು ಯುವ ಮನಶ್ಶಾಸ್ತ್ರಜ್ಞರಿಗೆ ಈ ವಿವರಣೆ ಸಮಾಧಾನ ತರಲಿಲ್ಲ. ಒಬ್ಬರು ಜಾನ್ ಡಾರ್ಲಿ, ಇನ್ನೊಬ್ಬರು ಬಿಬ್ ಲಟಾನೆ. ಅಷ್ಟು ಜನರಿದ್ದರೂ ಯಾರೂ ನೆರವಿಗೆ ಬರಲಿಲ್ಲವೇಕೆ ಎಂದು ಲೋಕವೆಲ್ಲ ಕೇಳುತ್ತಿದ್ದಾಗ ಅವರು ಪ್ರಶ್ನೆಯನ್ನೇ ತಿರುಗಿಸಿದರು: ಅಷ್ಟು ಜನರಿದ್ದುದರಿಂದಲೇ ಯಾರೂ ಬರಲಿಲ್ಲವೇ?

ಇದನ್ನು ಪರೀಕ್ಷಿಸಲು ಅವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕರೆದರು. ಕಾಲೇಜು ಜೀವನದ ಕಷ್ಟಸುಖಗಳ ಬಗ್ಗೆ ಚರ್ಚೆಯೆಂದು ಹೇಳಿ ಒಬ್ಬೊಬ್ಬರನ್ನು ಒಂದೊಂದು ಪುಟ್ಟ ಕೋಣೆಯಲ್ಲಿ ಕೂರಿಸಿದರು. ಮುಖ ನೋಡದೆ ಮಾತನಾಡಿದರೆ ಸಂಕೋಚವಿರುವುದಿಲ್ಲವೆಂದು ಹೇಳಿ, ಇಂಟರ್‌ಕಾಮಿನ ಮೂಲಕ ಸರದಿಯಂತೆ ಮಾತನಾಡುವ ಏರ್ಪಾಡು ಮಾಡಿದರು. ಮೊದಲು ಮಾತನಾಡಿದ ದನಿ, ತನಗೆ ಆಗಾಗ ಮೂರ್ಛೆ ಬರುವುದುಂಟೆಂದು ಸಂಕೋಚದಿಂದ ಹೇಳಿಕೊಂಡಿತು. ಮತ್ತೆ ಅವನ ಸರದಿ ಬಂದಾಗ ಮಾತು ತೊದಲತೊಡಗಿತು. ಯಾರಾದರೂ ಬನ್ನಿ ಎಂದು ಬೇಡಿಕೊಂಡ ದನಿ ಉಸಿರುಗಟ್ಟಿ ನಿಂತಿತು. ನಿಜದಲ್ಲಿ ಅದು ಮೊದಲೇ ಧ್ವನಿಮುದ್ರಿಸಿಟ್ಟ ಸುರುಳಿ; ಉಳಿದ ದನಿಗಳೂ ಹಾಗೆಯೇ. ಕೋಣೆಯಲ್ಲಿದ್ದ ವಿದ್ಯಾರ್ಥಿಯೊಬ್ಬನೇ ನಿಜ. ಅವನು ಎದ್ದು ಹೊರಗೆ ಬರುವನೇ, ಬಂದರೆ ಎಷ್ಟು ಹೊತ್ತಿಗೆ ಎಂಬುದಷ್ಟೇ ಪರೀಕ್ಷೆ.

1968ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಆ ರೋಗಿಯ ದನಿಯನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದ್ದವರಲ್ಲಿ ನೂರಕ್ಕೆ 85 ಮಂದಿ ಆ ಆರ್ತನಾದ ಮುಗಿಯುವುದರೊಳಗೆ ನೆರವಿಗೆ ಎದ್ದರು. ಇನ್ನೊಬ್ಬನೂ ಕೇಳುತ್ತಿದ್ದಾನೆಂದು ನಂಬಿದ್ದವರಲ್ಲಿ ಈ ಪ್ರಮಾಣ 62ಕ್ಕೆ ಇಳಿಯಿತು. ಬೇರೆ ನಾಲ್ವರು ಕೇಳುತ್ತಿದ್ದಾರೆಂದು ನಂಬಿದ್ದವರಲ್ಲಿ 31ಕ್ಕೆ ಕುಸಿಯಿತು. ಮೂರು ಗುಂಪುಗಳಲ್ಲಿಯೂ ಇದ್ದವರು ಒಂದೇ ಬಗೆಯ ಹುಡುಗ ಹುಡುಗಿಯರು. ಒಂದು ಗುಂಪಿನವರ ಹೃದಯ ಮೃದು, ಇನ್ನೊಂದರವರದು ಕಠಿಣವೆನ್ನಲು ಕಾರಣವೇ ಇರಲಿಲ್ಲ.

ಅಂಕಿಗಳಿಗಿಂತ ನನ್ನನ್ನು ಹೆಚ್ಚು ತಟ್ಟಿದ್ದು ಎದ್ದು ಬಾರದವರ ಸ್ಥಿತಿಯ ವರ್ಣನೆ. ಕೊನೆಗೆ ಸಂಶೋಧಕರು ಆ ಕೋಣೆಗಳ ಬಾಗಿಲು ತೆರೆದಾಗ ಕಂಡವರು ನಿರ್ಲಿಪ್ತರಲ್ಲ. ಕೈ ನಡುಗುತ್ತಿತ್ತು, ಅಂಗೈ ಬೆವೆತಿತ್ತು. ಅವನು ಹುಷಾರಾಗಿದ್ದಾನೆಯೇ ಎಂಬುದೇ ಅನೇಕರ ಮೊದಲ ಪ್ರಶ್ನೆಯಾಗಿತ್ತು. ಹೋಗುವುದಿಲ್ಲವೆಂದು ಅವರು ನಿರ್ಧರಿಸಿರಲಿಲ್ಲ. ಹೋಗುವುದೋ ಬೇಡವೋ ಎಂಬ ತೊಳಲಾಟದಲ್ಲಿಯೇ ಕುಳಿತಿದ್ದರು. ಹೊಣೆ ಒಬ್ಬನ ಮೇಲಿದ್ದಾಗ ಅದು ಪೂರ್ತಿ ಅವನದು. ಐವರ ನಡುವೆ ಹಂಚಿಹೋದಾಗ ಯಾರದೂ ಅಲ್ಲ. ಮನೋವಿಜ್ಞಾನದಲ್ಲಿ ಇದನ್ನು ಹೊಣೆಗಾರಿಕೆಯ ಹಂಚಿಹೋಗುವಿಕೆ ಎನ್ನುತ್ತಾರೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಇತರರು ಇದ್ದುದರಿಂದ ನಿಮ್ಮ ನಡೆ ಬದಲಾಯಿತೇ ಎಂದು ಯಾವ ಯಾವ ಬಗೆಯಲ್ಲಿ ಕೇಳಿದರೂ ಅವರೆಲ್ಲ ಇಲ್ಲವೆಂದೇ ಉತ್ತರಿಸಿದರು. ತನ್ನನ್ನು ತಡೆದದ್ದು ಯಾವುದೆಂದು ತಡೆಯಲ್ಪಟ್ಟವನಿಗೇ ತಿಳಿದಿರಲಿಲ್ಲ.

ಅದೇ ವರ್ಷ ಇವರೇ ಪ್ರಕಟಿಸಿದ ಇನ್ನೊಂದು ಪ್ರಯೋಗವನ್ನು ಚುಟುಕಾಗಿ ಹೇಳುವೆ. ಕೋಣೆಯಲ್ಲಿ ಕುಳಿತು ಪ್ರಶ್ನಾವಳಿ ತುಂಬುತ್ತಿದ್ದವರತ್ತ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬನೇ ಇದ್ದಾಗ ನೂರಕ್ಕೆ 75 ಮಂದಿ ಎದ್ದುಹೋಗಿ ವಿಷಯ ತಿಳಿಸಿದರು. ಮೊದಲೇ ಹೇಳಿಕೊಟ್ಟಂತೆ ಸುಮ್ಮನೆ ಬರೆಯುತ್ತ ಕುಳಿತ ಇಬ್ಬರು ಪಕ್ಕದಲ್ಲಿದ್ದಾಗ ತಿಳಿಸಿದವರು ನೂರಕ್ಕೆ ಹತ್ತು ಮಾತ್ರ. ಉಳಿದವರು ಕೆಮ್ಮಿದರು, ಕಣ್ಣುಜ್ಜಿಕೊಂಡರು, ಕಿಟಕಿ ತೆರೆದರು, ಮತ್ತೆ ಬರೆಯುತ್ತ ಕುಳಿತರು. ಪಕ್ಕದವನು ಗಾಬರಿಯಾಗಿಲ್ಲ, ಆದ್ದರಿಂದ ಗಾಬರಿಯಾಗುವಂಥದು ಏನೂ ಇಲ್ಲ ಎಂಬ ತರ್ಕ. ಪಕ್ಕದವನು ನಿಜವಾದ ಪಕ್ಕದವನಾಗಿದ್ದರೆ ಅವನೂ ನಮ್ಮ ಮುಖ ನೋಡಿ ಇದೇ ತರ್ಕ ಮಾಡುತ್ತಿರುತ್ತಾನೆ. ಯಾವುದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಇದು ಹೊಸ ವಿಷಯವೇನಲ್ಲ. ಧ್ವನಿವರ್ಧಕ ಕೇಳಿಸದಿದ್ದರೂ ಎಲ್ಲರೂ ಕೇಳಿಸಿದವರಂತೆ ಕುಳಿತಿರುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ.

ಇನ್ನು ಧರ್ಮಶಾಸ್ತ್ರದ ವಿದ್ಯಾರ್ಥಿಗಳ ಪ್ರಯೋಗಕ್ಕೆ ಬರೋಣ. ಕ್ರೈಸ್ತರ ಲೂಕನ ಸುವಾರ್ತೆಯಲ್ಲಿ ಒಂದು ಸಾಮ್ಯಕಥೆಯಿದೆ. ಯೆರೂಸಲೇಮಿನಿಂದ ಯೆರಿಕೋ ಊರಿಗೆ ಇಳಿದು ಹೋಗುತ್ತಿದ್ದವನೊಬ್ಬನನ್ನು ಕಳ್ಳರು ಹೊಡೆದು, ಸುಲಿದು, ಅರೆಜೀವವಾಗಿ ಬಿಟ್ಟುಹೋಗುತ್ತಾರೆ. ಆ ದಾರಿಯಲ್ಲಿ ಬಂದ ದೇವಾಲಯದ ಯಾಜಕ ಕಂಡೂ ಪಕ್ಕಕ್ಕೆ ಸರಿದು ಹೋಗುತ್ತಾನೆ. ದೇವಾಲಯದ ಸೇವೆಗೆ ಸೇರಿದ ಲೇವಿಯನೂ ಹಾಗೆಯೇ ಹೋಗುತ್ತಾನೆ. ಕೊನೆಗೆ ಆ ಜನ ಕೀಳಾಗಿ ಕಾಣುತ್ತಿದ್ದ ಸಮಾರ್ಯ ಪ್ರಾಂತದವನೊಬ್ಬ ನಿಂತು, ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ, ವಸತಿಗೃಹಕ್ಕೆ ಒಯ್ದು, ಅವನ ಆರೈಕೆಗೆ ತನ್ನ ಕೈಯಿಂದ ಹಣ ಕೊಡುತ್ತಾನೆ. ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಈ ಕಥೆಯನ್ನು ಕಥೆಯಾಗಿ ಬಿಡಲಿಲ್ಲ. ಬ್ಯಾಟ್ಸನ್ ಮನೋವಿಜ್ಞಾನದ ಜೊತೆಗೆ ಧರ್ಮಶಾಸ್ತ್ರವನ್ನೂ ಆಳವಾಗಿ ಓದಿದವರು. ಆದ್ದರಿಂದ ಅವರು ಕೇಳಿದ ಪ್ರಶ್ನೆ ಹೊರಗಿನವರ ಕುಚೋದ್ಯವಾಗಿರಲಿಲ್ಲ. ಯಾಜಕನಿಗೂ ಲೇವಿಯನಿಗೂ ಸಮಾರ್ಯದವನಿಗೂ ವ್ಯತ್ಯಾಸ ಎಲ್ಲಿತ್ತು? ಮನಸ್ಸಿನಲ್ಲಿ ತುಂಬಿದ್ದ ವಿಚಾರದಲ್ಲಿಯೇ, ಧರ್ಮವನ್ನು ಅವರು ಹಿಡಿದಿದ್ದ ರೀತಿಯಲ್ಲಿಯೇ, ಅಥವಾ ಯಾಜಕನಿಗೆ ಬರೀ ಹೊತ್ತಾಗಿತ್ತೇ?

1970ರ ಡಿಸೆಂಬರಿನಲ್ಲಿ ಪ್ರಿನ್ಸ್‌ಟನ್ ಥಿಯಾಲಾಜಿಕಲ್ ಸೆಮಿನರಿಯ ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಯಿತು. ಲೆಕ್ಕಕ್ಕೆ ತೆಗೆದುಕೊಂಡವರು 40 ಮಂದಿ. ಅವರ ಧಾರ್ಮಿಕ ನಿಲುವು ಎಂಥದೆಂಬುದನ್ನು ಪ್ರಶ್ನಾವಳಿಯಿಂದ ಮೊದಲೇ ಅಳೆದಿದ್ದರು. ಬಳಿಕ ಪ್ರತಿಯೊಬ್ಬನಿಗೂ ಮೂರರಿಂದ ಐದು ನಿಮಿಷದ ಪುಟ್ಟ ಭಾಷಣ ಮಾಡಬೇಕೆಂದು ಹೇಳಿದರು. ಕೆಲವರಿಗೆ ಧರ್ಮಶಾಸ್ತ್ರ ಓದಿದವರಿಗೆ ತಕ್ಕ ಉದ್ಯೋಗಗಳು ಯಾವುವೆಂಬ ವಿಷಯ. ಉಳಿದವರಿಗೆ ಇದೇ ಸಮಾರ್ಯದವನ ಕಥೆ. ಭಾಷಣ ಮಾತ್ರ ಪಕ್ಕದ ಕಟ್ಟಡದಲ್ಲಿ. ಹೊರಡುವಾಗ ಕೆಲವರಿಗೆ, ಇನ್ನೂ ಹೊತ್ತಿದೆ, ಆದರೂ ಹೊರಡಿ ಎಂದರು. ಕೆಲವರಿಗೆ, ಸಿದ್ಧವಾಗಿದ್ದಾರೆ, ಈಗಲೇ ಹೋಗಿ ಎಂದರು. ಇನ್ನು ಕೆಲವರಿಗೆ, ಅಯ್ಯೋ ತಡವಾಯಿತು, ಅಲ್ಲಿ ಆಗಲೇ ನಿಮ್ಮನ್ನು ಕಾಯುತ್ತಿದ್ದಾರೆ, ಬೇಗ ಹೋಗಿ ಎಂದರು. ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ, ಒಂದು ಬಾಗಿಲಿನ ಬಳಿ, ಮನುಷ್ಯನೊಬ್ಬ ತಲೆ ಜೋತುಹಾಕಿ, ಕಣ್ಣು ಮುಚ್ಚಿ, ಕುಸಿದು ಕುಳಿತಿದ್ದ. ವಿದ್ಯಾರ್ಥಿ ಹತ್ತಿರ ಬಂದಾಗ ಎರಡು ಸಲ ಕೆಮ್ಮಿ ನರಳುತ್ತಿದ್ದ.

ಹೊತ್ತಿದೆಯೆಂದು ಹೇಳಿಸಿಕೊಂಡವರು ಎಂಟು ಮಂದಿ. ಅವರಲ್ಲಿ ಐವರು ಏನಾದರೊಂದು ಬಗೆಯ ನೆರವು ನೀಡಿದರು. ಈಗಲೇ ಹೋಗಿ ಎಂದು ಹೇಳಿಸಿಕೊಂಡ 22 ಮಂದಿಯಲ್ಲಿ ಹತ್ತು ಜನ. ತಡವಾಯಿತೆಂದು ಅವಸರಪಡಿಸಿದ ಹತ್ತು ಮಂದಿಯಲ್ಲಿ ಒಬ್ಬನೇ ಒಬ್ಬ. ಶೇಕಡಾವಾರು ಹೇಳುವುದಾದರೆ 63, 45 ಮತ್ತು 10. ದಾರಿಯಲ್ಲಿ ಬಿದ್ದವನನ್ನು ಎತ್ತಿದವನ ಕಥೆಯನ್ನು ವಿವರಿಸಲು ಓಡುತ್ತಿದ್ದವನು ದಾರಿಯಲ್ಲಿ ಬಿದ್ದವನನ್ನು ಅಕ್ಷರಶಃ ದಾಟಿಕೊಂಡು ಹೋದ ಪ್ರಸಂಗಗಳೂ ನಡೆದವೆಂದು ಸಂಶೋಧಕರು 1973ರ ತಮ್ಮ ಲೇಖನದಲ್ಲಿ ದಾಖಲಿಸಿದ್ದಾರೆ.

ಈ ವಾಕ್ಯವನ್ನು ಮೊದಲ ಬಾರಿ ಓದಿದಾಗ ನಗು ಬರುತ್ತದೆ. ಎರಡನೆಯ ಬಾರಿ ಓದಿದಾಗ ಬರುವುದಿಲ್ಲ.

ಆದರೆ ಈ ಪ್ರಯೋಗವನ್ನು ಉಲ್ಲೇಖಿಸುವವರು ಅನೇಕ ವೇಳೆ ಅದು ಹೇಳಿದ್ದಕ್ಕಿಂತ ಹೆಚ್ಚನ್ನು ಹೇಳಿಸುತ್ತಾರೆ. ಆ ತಪ್ಪನ್ನು ನಾನು ಮಾಡಬಾರದು. ನಲವತ್ತು ಜನರೆಂದರೆ ಸಣ್ಣ ಸಂಖ್ಯೆ. ಎಂಟರಲ್ಲಿ ಐವರು, ಹತ್ತರಲ್ಲಿ ಒಬ್ಬ ಎಂಬ ಲೆಕ್ಕದ ಮೇಲೆ ಮನುಷ್ಯಸ್ವಭಾವದ ಗೋಪುರ ಕಟ್ಟುವುದು ತರವಲ್ಲ. ಇನ್ನೊಂದು ಮಾತು. ಸಮಾರ್ಯದವನ ಕಥೆಯ ಮೇಲೆ ಮಾತನಾಡಲಿದ್ದ 19 ಮಂದಿಯಲ್ಲಿ ಹತ್ತು ಜನ ನೆರವಾಗಿದ್ದರು. ಉದ್ಯೋಗದ ಬಗ್ಗೆ ಮಾತನಾಡಲಿದ್ದ 21 ಮಂದಿಯಲ್ಲಿ ಆರು ಜನ. ಈ ಅಂತರ ಆಕಸ್ಮಿಕವೂ ಇರಬಹುದು, ಆದ್ದರಿಂದ ಧರ್ಮಕಥೆಯ ಚಿಂತನೆ ನೆರವನ್ನು ಹೆಚ್ಚಿಸಿತೆನ್ನಲಾಗದು ಎಂದು ಡಾರ್ಲಿ ಮತ್ತು ಬ್ಯಾಟ್ಸನ್ ತೀರ್ಮಾನಿಸಿದರು. 1975ರಲ್ಲಿ ಆಂಟನಿ ಗ್ರೀನ್‌ವಾಲ್ಡ್ ಎಂಬ ವಿದ್ವಾಂಸರು ಈ ತೀರ್ಮಾನವನ್ನು ಪ್ರಶ್ನಿಸಿದರು. ಇಷ್ಟು ಕಡಿಮೆ ಜನರನ್ನು ನೋಡಿ ಪರಿಣಾಮವಿಲ್ಲವೆಂದು ತೀರ್ಪು ಕೊಡುವುದು ಸರಿಯಲ್ಲ, ಇದೇ ಅಂಕಿಗಳು ಕಥೆಯ ಪರವಾಗಿಯೂ ಮಾತನಾಡುತ್ತವೆ ಎಂಬುದು ಅವರ ವಾದ. ಪ್ರವಚನ ಕೇಳುವುದರಿಂದ ಏನೂ ಆಗುವುದಿಲ್ಲವೆಂದು ಈ ಪ್ರಯೋಗ ಸಾಧಿಸಿತು ಎನ್ನುವವರಿಗೆ ಇದು ತಿಳಿದಿರಲಿ. ಧಾರ್ಮಿಕ ನಿಲುವಿನ ವಿಷಯದಲ್ಲಿ ಕಂಡದ್ದೂ ಕುತೂಹಲಕರ. ಯಾರು ನಿಲ್ಲುವರೆಂಬುದನ್ನು ಅದು ಹೇಳಲಿಲ್ಲ. ನಿಂತವರು ಹೇಗೆ ನೆರವಾಗುವರೆಂಬುದನ್ನು ಸ್ವಲ್ಪಮಟ್ಟಿಗೆ ಹೇಳಿತು. ಕೆಲವರು, ಬೇಡವೆಂದರೂ ಬಿಡದೆ, ತಾವು ನಿಶ್ಚಯಿಸಿದ ನೆರವನ್ನೇ ನೀಡಲು ಪಟ್ಟುಹಿಡಿದರು. ಇನ್ನು ಕೆಲವರು, ಏನು ಬೇಕೆಂದು ಕೇಳಿ ಅಷ್ಟನ್ನೇ ಮಾಡಿದರು. ಎರಡೂ ಬಗೆಯ ಭಕ್ತರನ್ನು ನಾವು ಬಲ್ಲೆವು.

ಇಲ್ಲಿ ನನ್ನದೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ಕೆಲವು ವರ್ಷಗಳ ಹಿಂದೆ ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯ ದಿನ ಸನ್ಮಾನಿತರ ಹೆಸರುಗಳ ಪಟ್ಟಿ ಕಚೇರಿಯಲ್ಲಿಯೇ ಉಳಿದುಬಿಟ್ಟಿತ್ತು. ಅತಿಥಿಗಳು ಬಂದಾಗಿತ್ತು, ಪೂಜ್ಯರು ವೇದಿಕೆಗೆ ದಯಮಾಡಿಸಿದ್ದರು, ಪ್ರಾರ್ಥನೆ ಆರಂಭವಾಗಿತ್ತು. ಪಟ್ಟಿಯನ್ನು ಹಿಡಿದು ದಾಸೋಹ ಭವನದ ಮೆಟ್ಟಿಲುಗಳ ಪಕ್ಕದಿಂದ ನಾನು ಓಡುವ ನಡಿಗೆಯಲ್ಲಿ ಬರುತ್ತಿದ್ದೆ. ಕೆಳಗಿನ ಮೆಟ್ಟಿಲ ಮೇಲೆ ವಯಸ್ಸಾದ ತಾಯಿಯೊಬ್ಬರು ತಲೆಯನ್ನು ಮೊಣಕಾಲಿಗೆ ಆನಿಸಿ ಕುಳಿತಿದ್ದರು. ನಾನು ಅವರನ್ನು ಕಂಡೆ. ಕಂಡಿದ್ದೆನೆಂಬುದು ಈಗಲೂ ಸ್ಪಷ್ಟವಾಗಿ ನೆನಪಿದೆ, ಸೀರೆಯ ಬಣ್ಣದ ಸಹಿತ. ಆದರೆ ಆ ಕ್ಷಣದಲ್ಲಿ ಮನಸ್ಸು ಕೊಟ್ಟ ಅರ್ಥ, ದಣಿದು ಕುಳಿತಿದ್ದಾರೆ ಎಂಬುದಷ್ಟೇ. ಅಲ್ಲದೆ ಅಂದು ಮಠದ ಆವರಣದಲ್ಲಿ ನೂರಾರು ಜನರಿದ್ದರು. ಗೋಷ್ಠಿ ಮುಗಿದ ಮೇಲೆ ತಿಳಿಯಿತು, ಅವರು ಸಕ್ಕರೆ ಕಾಯಿಲೆಯವರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ತಲೆಸುತ್ತಿ ಏಳಲಾರದೆ ಕುಳಿತಿದ್ದರು. ಅಡುಗೆಮನೆಯಲ್ಲಿ ಸೇವೆ ಮಾಡುವ ಹುಡುಗನೊಬ್ಬ "ಯವ್ವಾ, ಏನಾತಬೇ?" ಎಂದು ಮಾತನಾಡಿಸಿ, ಬೆಲ್ಲದ ನೀರು ಕುಡಿಸಿ, ಮಗನಿಗೆ ಫೋನ್ ಮಾಡಿಸಿದ್ದ. ನಿನಗೆ ಹೇಗೆ ತಿಳಿಯಿತಪ್ಪಾ ಎಂದು ಕೇಳಿದೆ. ಅವನು ಕೊಟ್ಟ ಉತ್ತರವನ್ನು ಅವನ ಮಾತಿನಲ್ಲಿಯೇ ಬರೆಯುತ್ತೇನೆ: "ಅನ್ನ ಇನ್ನೂ ಬೇಯಾಕತ್ತಿತ್ರೀ ಸರ. ನನಗೇನ ಗಡಿಬಿಡಿ ಇರಲಿಲ್ಲ."

ಪ್ರಿನ್ಸ್‌ಟನ್ನಿನ ಪ್ರಯೋಗವನ್ನು ನಾನು ಓದಿದ್ದು ಇದಾದ ಬಹಳ ದಿನಗಳ ಮೇಲೆ. ಅದರಲ್ಲಿ ಸಂಶೋಧಕರು ಅವಸರದ ಬಗ್ಗೆ ಎರಡು ಮಾತು ಹೇಳುತ್ತಾರೆ. ಮೊದಲನೆಯದು, ಅವಸರ ಗ್ರಹಿಕೆಯನ್ನು ಕಿರಿದುಗೊಳಿಸುತ್ತದೆ. ದಾಟಿಹೋದವರಲ್ಲಿ ಕೆಲವರು ಆ ಮನುಷ್ಯನನ್ನು ನೋಡಿದ್ದರು. ಆದರೆ ಅವನು ಸಂಕಟದಲ್ಲಿದ್ದಾನೆಂಬ ಅರ್ಥ ಆಗ ಹೊಳೆದಿರಲಿಲ್ಲ, ಆಮೇಲೆ ಹೊಳೆಯಿತು. ಕಾಣುವುದು ಬೇರೆ, ಕಂಡದ್ದನ್ನು ಅರಿಯುವುದು ಬೇರೆ. ಎರಡರ ನಡುವೆ ಕೊಂಚ ಕಾಲಾವಕಾಶ ಬೇಕು. ಅವಸರ ಕಸಿದುಕೊಳ್ಳುವುದು ಅದನ್ನೇ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಆ ವಿದ್ಯಾರ್ಥಿಗಳು ಓಡುತ್ತಿದ್ದುದು ಸ್ವಾರ್ಥಕ್ಕಲ್ಲ. ಒಬ್ಬರು ಕಾಯುತ್ತಿದ್ದಾರೆ, ಅವರ ಕೆಲಸ ತನ್ನಿಂದ ಕೆಡಬಾರದು ಎಂಬ ಕರ್ತವ್ಯಬುದ್ಧಿಯಿಂದ. ನಿಲ್ಲದೆ ಹೋದವರಲ್ಲಿ ಅನೇಕರು ಆ ಕಟ್ಟಡವನ್ನು ತಲುಪಿದಾಗ ಕಳವಳಗೊಂಡಿದ್ದರಂತೆ. ಕಾಯುತ್ತಿರುವವನಿಗೆ ಸಲ್ಲಬೇಕಾದದ್ದು ಮತ್ತು ಬಿದ್ದವನಿಗೆ ಸಲ್ಲಬೇಕಾದದ್ದು ಇವೆರಡರ ಇಕ್ಕಟ್ಟಿನಲ್ಲಿ ಸಿಲುಕಿದವರೇ ಹೊರತು ಅವರು ಕಲ್ಲೆದೆಯವರಲ್ಲ. ಸಂಸ್ಥೆಗಳಲ್ಲಿ ದುಡಿಯುವವರ ಅವಸರವೆಲ್ಲ ಬಹುಮಟ್ಟಿಗೆ ಈ ಜಾತಿಯದೇ. ನನ್ನ ಕೈಯಲ್ಲಿದ್ದುದೂ ಇನ್ನೊಬ್ಬರನ್ನು ಗೌರವಿಸುವ ಪಟ್ಟಿಯೇ. ಆದ್ದರಿಂದಲೇ ಈ ಅವಸರವನ್ನು ಗುರುತಿಸುವುದು ಕಷ್ಟ. ಅದು ಸದ್ಗುಣದ ವೇಷದಲ್ಲಿರುತ್ತದೆ.

ಈಗ ಲೆಕ್ಕದ ಎಡವಟ್ಟಿನ ಮಾತಿಗೆ ಮರಳುತ್ತೇನೆ. ಕಿಟ್ಟಿ ಜೆನೊವೀಸ್ ಕೊಲೆಯ ಕಥೆ ದಶಕಗಳ ಕಾಲ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಪತ್ರಿಕೆ ಹೇಳಿದಂತೆಯೇ ಅಚ್ಚಾಯಿತು. ಮ್ಯಾನಿಂಗ್, ಲೆವೀನ್ ಮತ್ತು ಕಾಲಿನ್ಸ್ ಎಂಬ ಮೂವರು ಸಂಶೋಧಕರು ಮೊಕದ್ದಮೆಯ ದಾಖಲೆಗಳನ್ನು ಮುಂದಿಟ್ಟುಕೊಂಡು 2007ರಲ್ಲಿ ಅದನ್ನು ಪರಿಶೀಲಿಸಿದರು. 38 ಮಂದಿ ಕಿಟಕಿಯಲ್ಲಿ ನಿಂತು ನೋಡಿದರೆಂಬುದಕ್ಕೆ ಆಧಾರ ಸಿಗಲಿಲ್ಲ. ಕೊನೆಯ ಇರಿತ ನಡೆದದ್ದು ಕಟ್ಟಡದ ಒಳಗಿನ ಮೆಟ್ಟಿಲ ಬಳಿ, ಬಹುತೇಕರ ಕಣ್ಣಿಗೆ ಬೀಳದ ಕಡೆ. ಮೊದಲ ಹಲ್ಲೆಯ ಹೊತ್ತಿಗೆ ಒಬ್ಬಾತ ಕಿಟಕಿಯಿಂದ ಗದರಿಸಿದ್ದ, ಅದರಿಂದಲೇ ಕೊಲೆಗಾರ ಒಮ್ಮೆ ಓಡಿಹೋಗಿದ್ದ. ನೆರೆಮನೆಯ ಹೆಂಗಸೊಬ್ಬಳು, ಹಂತಕ ಇನ್ನೂ ಅಲ್ಲಿಯೇ ಇರಬಹುದೆಂಬ ಭಯವನ್ನೂ ಲೆಕ್ಕಿಸದೆ ಇಳಿದು ಬಂದು, ಸಾಯುತ್ತಿದ್ದ ಕಿಟ್ಟಿಯನ್ನು ಅಪ್ಪಿ ಹಿಡಿದು ಕುಳಿತಿದ್ದಳು. ಅರೆನಿದ್ರೆಯಲ್ಲಿ ಕೂಗು ಕೇಳಿಯೂ ಏನೆಂದು ತಿಳಿಯದೆ ಮಲಗಿದವರಿದ್ದರು. ತಿಳಿದೂ ಸುಮ್ಮನಿದ್ದ ಒಬ್ಬಿಬ್ಬರೂ ಇದ್ದರು. 2016ರಲ್ಲಿ ಕೊಲೆಗಾರ ಸೆರೆಮನೆಯಲ್ಲಿ ಸತ್ತಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ ತನ್ನ ಹಳೆಯ ವರದಿ ದೋಷಪೂರ್ಣವಾಗಿತ್ತೆಂದು ಒಪ್ಪಿಕೊಂಡಿತು. ಐವತ್ತು ವರ್ಷಗಳ ಕಾಲ ಲೋಕ ನೆನಪಿಟ್ಟುಕೊಂಡದ್ದು ಇಳಿದು ಬಾರದ ಮೂವತ್ತೆಂಟು ಮಂದಿಯನ್ನು. ಮರೆತದ್ದು ಇಳಿದು ಬಂದ ಒಬ್ಬಳನ್ನು.

ಇತ್ತೀಚಿನ ಒಂದು ಅಧ್ಯಯನ ಈ ಚಿತ್ರವನ್ನು ಇನ್ನಷ್ಟು ತಿದ್ದಿದೆ. ಹಾಲೆಂಡಿನ ಆಮ್‌ಸ್ಟರ್‌ಡಾಮ್, ಇಂಗ್ಲೆಂಡಿನ ಲ್ಯಾಂಕಾಸ್ಟರ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಈ ಮೂರು ನಗರಗಳ ಬೀದಿಗಳಲ್ಲಿ ನಡೆದ 219 ಜಗಳಗಳ ಸಿಸಿಟಿವಿ ದೃಶ್ಯಗಳನ್ನು ಸಂಶೋಧಕರು ಒಂದೊಂದಾಗಿ ಪರಿಶೀಲಿಸಿದರು. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ನೂರಕ್ಕೆ 91 ಪ್ರಸಂಗಗಳಲ್ಲಿ ನೋಡುತ್ತ ನಿಂತವರಲ್ಲಿ ಕನಿಷ್ಠ ಒಬ್ಬರಾದರೂ ನಡುವೆ ಪ್ರವೇಶಿಸಿ ಬಿಡಿಸಲು ಯತ್ನಿಸಿದ್ದರು. ಸರಾಸರಿ ಸುಮಾರು ನಾಲ್ಕು ಜನ. ಅಷ್ಟೇ ಅಲ್ಲ, ಜನ ಹೆಚ್ಚಿದ್ದಷ್ಟೂ ಯಾರಾದರೊಬ್ಬರು ಮುಂದೆ ಬರುವ ಸಂಭವವೂ ಹೆಚ್ಚಿತ್ತು. ಇದು ಡಾರ್ಲಿ ಮತ್ತು ಲಟಾನೆಯವರ ಶೋಧನೆಯನ್ನು ಸುಳ್ಳಾಗಿಸುವುದಿಲ್ಲ. ಗುಂಪಿನಲ್ಲಿ ಒಬ್ಬೊಬ್ಬನ ಪ್ರವೃತ್ತಿ ಕುಗ್ಗಬಹುದು. ಆದರೂ ಹಲವರಿರುವಾಗ ಒಬ್ಬನಾದರೂ ಏಳುತ್ತಾನೆ. ಮೇಲಾಗಿ, ಅಪಾಯ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದ್ದರೆ ಗುಂಪಿನ ಆ ಜಡತೆ ಬಹಳಷ್ಟು ಕಡಿಮೆಯಾಗುತ್ತದೆಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಜಗಳ ಎಲ್ಲರಿಗೂ ಕಾಣುತ್ತದೆ. ಮೊಣಕಾಲಿಗೆ ತಲೆಯಾನಿಸಿ ಕುಳಿತವರ ಸಂಕಟ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಅವಸರ ಮತ್ತು ಗುಂಪು ಇವೆರಡರ ಜೊತೆಗೆ ಮೂರನೆಯ ತಡೆಯೊಂದಿತ್ತು: ಪೊಲೀಸು, ಕೋರ್ಟುಗಳ ಭಯ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನೇ ಠಾಣೆಗೆ ಅಲೆಯಬೇಕಾದೀತೆಂಬ ಈ ಭಯವನ್ನು ನಿರ್ದಯತೆಯೆಂದು ಕರೆಯುವುದು ಅನ್ಯಾಯ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ನೆರವಾದವರ ರಕ್ಷಣೆಗಾಗಿ ಕೇಂದ್ರ ಸರ್ಕಾರ ರೂಪಿಸಿದ್ದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. ಅದೇ ವರ್ಷ ಕರ್ನಾಟಕ ವಿಧಾನಮಂಡಲ ಇದಕ್ಕೆಂದೇ ಪ್ರತ್ಯೇಕ ಮಸೂದೆಯನ್ನು ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿಯಲ್ಲಿ 134ಎ ಎಂಬ ಕಲಮು ಸೇರಿತು. ಅಪಘಾತದಲ್ಲಿ ಗಾಯಗೊಂಡವರಿಗೆ ಸದ್ಭಾವದಿಂದ, ಪ್ರತಿಫಲ ಬಯಸದೆ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಹೆಸರು ಹೇಳಲೇಬೇಕೆಂದು ಅವನನ್ನು ಒತ್ತಾಯಿಸುವಂತಿಲ್ಲ. ಈ ಕಾನೂನುಗಳು ಇಂಥವನನ್ನು ಕರೆಯುವ ಹೆಸರು ಗುಡ್ ಸಮಾರಿಟನ್, ಅಂದರೆ ಅದೇ ಕಥೆಯ ಒಳ್ಳೆಯ ಸಮಾರ್ಯದವನು. ಈ ರಕ್ಷಣೆಯ ವಿಷಯ ಇನ್ನೂ ಅನೇಕರಿಗೆ ತಿಳಿದಿಲ್ಲವೆಂಬುದು ಭಕ್ತರೊಡನೆ ಮಾತನಾಡುವಾಗ ನನಗೆ ಕಂಡುಬಂದಿದೆ. ಸಭೆಗಳಲ್ಲಿ ಮಾನವೀಯತೆ ಸತ್ತಿತೆಂದು ಹೇಳುವ ಬದಲು ಈ ಕಲಮನ್ನು ವಿವರಿಸಿದರೆ ಹೆಚ್ಚು ಉಪಕಾರವಾದೀತು.

ತಿಳಿದರೆ ನಡತೆ ಬದಲಾಗುವುದೇ ಎಂಬ ಪ್ರಶ್ನೆ ಸಹಜ. 1978ರಲ್ಲಿ ಆರ್ಥರ್ ಬೀಮನ್ ಮತ್ತು ಸಂಗಡಿಗರು ಇದನ್ನೂ ಪರೀಕ್ಷಿಸಿದರು. ಗುಂಪಿನಲ್ಲಿ ಮನುಷ್ಯ ಏಕೆ ಸುಮ್ಮನಾಗುತ್ತಾನೆಂಬ ಉಪನ್ಯಾಸವನ್ನು ಕೆಲವು ವಿದ್ಯಾರ್ಥಿಗಳಿಗೆ ಕೇಳಿಸಿ, ಎರಡು ವಾರಗಳ ನಂತರ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಅವರ ದಾರಿಯಲ್ಲಿ ಒಬ್ಬ ಬಿದ್ದಿರುವಂತೆ ಮಾಡಿದರು. ಉಪನ್ಯಾಸ ಕೇಳದವರಲ್ಲಿ ನೂರಕ್ಕೆ 25ರಷ್ಟು ಜನ ನಿಂತರೆ, ಕೇಳಿದವರಲ್ಲಿ ಸುಮಾರು 43ರಷ್ಟು ಜನ ನಿಂತರು. ಎಲ್ಲರೂ ಅಲ್ಲ, ಅರ್ಧದಷ್ಟೂ ಅಲ್ಲ. ಆದರೂ ಆ ವ್ಯತ್ಯಾಸವನ್ನು ನಂಬಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಇದೇ ಸಂಶೋಧನೆಗಳಿಂದ ಹುಟ್ಟಿದ ಒಂದು ಉಪಾಯವನ್ನೂ ಹೇಳಬೇಕು. ಜನರ ನಡುವೆ ನಮಗೇ ಕಷ್ಟ ಬಂದರೆ, ಅಥವಾ ಬಿದ್ದವರ ಬಳಿ ನಾವು ಮೊದಲು ತಲುಪಿದರೆ, ಯಾರಾದರೂ ಬನ್ನಿ ಎಂದು ಗುಂಪಿಗೆ ಕೂಗಬಾರದು. ಒಬ್ಬರನ್ನೇ ನೋಡಿ, ಬೆರಳು ತೋರಿ, "ನೀಲಿ ಅಂಗಿ ಅಣ್ಣಾವ್ರೇ, ನೀವು 108ಕ್ಕೆ ಫೋನ್ ಮಾಡ್ರಿ, ಅಕ್ಕಾ, ನೀವು ನೀರು ತರ್ರಿ" ಎನ್ನಬೇಕು. ಹಂಚಿಹೋಗಿದ್ದ ಹೊಣೆ ಆ ಮಾತಿನಿಂದ ಒಬ್ಬರ ಹೆಗಲಿಗೆ ಬರುತ್ತದೆ.

ಶ್ರೀಮಠದಲ್ಲಿ ಇದರಿಂದ ಆದ ಬದಲಾವಣೆ ದೊಡ್ಡದೇನಲ್ಲ. ಜಾತ್ರೆಯ ಸ್ವಯಂಸೇವಕರ ಕರ್ತವ್ಯಪಟ್ಟಿಯನ್ನು ಪ್ರತಿವರ್ಷ ನಾನೇ ಬರೆಯುತ್ತೇನೆ. ಪಾದರಕ್ಷೆ, ವಾಹನ ನಿಲುಗಡೆ, ಪಂಕ್ತಿ, ನೀರು, ವೇದಿಕೆ, ಹೀಗೆ ಪ್ರತಿ ಕೆಲಸದ ಮುಂದೆಯೂ ಹೆಸರುಗಳಿರುತ್ತವೆ. ಈಗ ಪಟ್ಟಿಯ ಕೊನೆಯಲ್ಲಿ, ಪಾಳಿಗೆ ಇಬ್ಬರಂತೆ, ಯಾವ ಕೆಲಸವನ್ನೂ ವಹಿಸದ ಕೆಲವರ ಹೆಸರನ್ನು ಬರೆಯುತ್ತೇನೆ. ಆವರಣದಲ್ಲಿ ನಿಧಾನವಾಗಿ ಸುತ್ತಾಡುವುದಷ್ಟೇ ಅವರ ಪಾಲಿಗೆ ಬಂದದ್ದು. ಯಾರೂ ಅವರನ್ನು ಬೇರೆ ಕೆಲಸಕ್ಕೆ ಕರೆಯಬಾರದು, ನಾನು ಕರೆದರೂ ಅವರು ಬರಬಾರದು. ಮೊದಲ ವರ್ಷ ಸಮಿತಿಯ ಹಿರಿಯರೊಬ್ಬರು ಪಟ್ಟಿಯನ್ನು ನೋಡಿ, ಇವರಿಗೆ ಕೆಲಸ ಬರೆಯುವುದನ್ನು ಮರೆತಿದ್ದೀರಿ ಎಂದರು. ಮರೆತಿಲ್ಲ ಎಂದೆ. ಆ ಸಾಲಿಗೆ ಮೊದಲು ಬರೆದ ಹೆಸರು ಅಡುಗೆಮನೆಯ ಆ ಹುಡುಗನದು.